ಪಂಚಾಕ್ಷರಿಯವರ ಭವಿಷ್ಯ ತಿದ್ದುವ ಪೆಟ್ಟಿಗೆ

ಪಾಠದ ನಡುವೆ ಬಾಗಿಲನ್ನು ಕಾಲಿನಿಂದಲೇ ತಳ್ಳಿಕೊಂಡು ಬಂದ ಪಂಚಾಕ್ಷರಿ, ಎದೆಗವುಚಿಕೊಂಡು ತಂದಿದ್ದ ದೊಡ್ಡ ಪೆಟ್ಟಿಗೆಯನ್ನು ಇಂದುಮತಿಯ ಮೇಜಿನ ಮೇಲೆ ಧೊಪ್ಪೆಂದು ಇಟ್ಟರು. ಸೀಮೆಸುಣ್ಣದ ಡಬ್ಬಿ ಹಾರಿ ನೆಲಕ್ಕೆ ಬಿತ್ತು.

"ಇಂದುಮತೀ, ಇನ್ಮೇಲೆ ನೀನು ಗಂಟಲು ಹರ್ಕೊಳ್ಳೋದು ಬೇಡ ಕಣಮ್ಮ! ನಿನ್ನ ಕೆಲಸ ಎಲ್ಲಾ ಇದೇ ಮಾಡುತ್ತೆ!"

ಇಂದುಮತಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿತು. ಆದರೆ ಪಂಚಾಕ್ಷರಿ ಅವಳ ಗಂಡನ ಅಣ್ಣ. ಬಯ್ಯುವುದಿದ್ದರೂ ಬಹುವಚನದಲ್ಲೇ ಬಯ್ಯಬೇಕು. ಅವಳ ಸಂಸಾರದ ದೊಡ್ಡ ಕಷ್ಟವೇ ಅದು. ಗಂಡ ಉಮಾಪತಿಯ ಮೇಲಿನ ಸಿಟ್ಟು ಬಾಯಿಗೆ ಬಂದ ಹಾಗೆ ಹೊರಗೆ ಬೀಳುತ್ತಿತ್ತು. ಭಾವನ ಮೇಲಿನ ಸಿಟ್ಟು ಮಾತ್ರ ಸೆರಗು ಹೊದ್ದುಕೊಂಡು ಬರಬೇಕಾಗಿತ್ತು.

"ಭಾವನೋರೇ, ಕ್ಲಾಸ್ ನಡೀತಿದೆ," ಎಂದಳು ಹಲ್ಲು ಕಚ್ಚಿ. "ದಯವಿಟ್ಟು ಒಂಚೂರು ಆಮೇಲೆ ಬನ್ನಿ."

"ಕ್ಲಾಸ್ ನಡೀತಿರೋದಕ್ಕೇ ಕಣಮ್ಮ ಬಂದಿದ್ದು!"

ಅರಸೀಕೆರೆಯ ಆ ಮನೆಯ ನಡುಮನೆಯೇ ಇಂದುಮತಿಯ ಸ್ಪೋಕನ್ ಇಂಗ್ಲಿಷ್ ತರಗತಿ. ಒಂದು ಪಕ್ಕದಲ್ಲಿ ಅಡುಗೆಮನೆ, ಇನ್ನೊಂದು ಪಕ್ಕದಲ್ಲಿ ಬಚ್ಚಲು. ಅವಳು ಕ್ರಿಯಾಪದ ಹೇಳಿಕೊಡುತ್ತಿರುವಾಗ ಉಮಾಪತಿ ಟವೆಲ್ ಸುತ್ತಿಕೊಂಡು ವಿದ್ಯಾರ್ಥಿಗಳಿಗೆ "ಗುಡ್ ಮಾರ್ನಿಂಗ್" ಹೇಳುತ್ತಾ ಬಚ್ಚಲಿಗೆ ಹೋಗುವುದು ರೂಢಿಯಾಗಿತ್ತು. ಹೊರವಲಯದಲ್ಲಿ ಅಣ್ಣತಮ್ಮಂದಿರ ಹೆಸರಿನಲ್ಲಿ ಒಂದು ಸೈಟ್ ಇತ್ತು. ಅಲ್ಲಿ ಅವಳಿಗೊಂದು ಪ್ರತ್ಯೇಕ ಕೊಠಡಿ ಕಟ್ಟಿಸಿಕೊಡುತ್ತೇನೆಂದು ಉಮಾಪತಿ ಮದುವೆಯಾದ ಹೊಸತರಿಂದಲೂ ಹೇಳುತ್ತಲೇ ಬಂದಿದ್ದ. ಆ ಆಸೆಯಲ್ಲೇ ಇಂದುಮತಿ ಒಗ್ಗರಣೆಯ ಘಾಟಿನಲ್ಲಿ ಕೆಮ್ಮಿಕೊಂಡು ಪಾಠ ಮಾಡುತ್ತಿದ್ದಳು.

ಪಂಚಾಕ್ಷರಿ ರೈಲ್ವೆಯಲ್ಲಿ ಸಿಗ್ನಲ್ ರಿಪೇರಿ ಮಾಡಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಹಿತ್ತಿಲ ಕೋಣೆಯಲ್ಲಿ ಹಗಲೆಲ್ಲ ಏನಾದರೊಂದು ಬೆಸುಗೆ ಹಾಕುತ್ತಿದ್ದರು. ಈಗ ತಂದಿದ್ದ ಪೆಟ್ಟಿಗೆ, ಹಿಂದೆ ಇಂದುಮತಿಯ ಹೊಲಿಗೆ ಯಂತ್ರದ ಮುಚ್ಚಳವಾಗಿತ್ತು. ಅದರ ನೆತ್ತಿಯ ಮೇಲೊಂದು ಹಳೇ ಧ್ವನಿವರ್ಧಕದ ಕಹಳೆ, ಪಕ್ಕದಲ್ಲಿ ಬಿ.ಪಿ. ನೋಡುವ ಪಟ್ಟಿ.

"ನನ್ನ ಮುಚ್ಚಳ!" ಎಂದಳು ಇಂದುಮತಿ.

"ವಿಜ್ಞಾನಕ್ಕೆ ಹೋಯ್ತು ಬಿಡಮ್ಮ," ಎಂದ ಪಂಚಾಕ್ಷರಿ ವಿದ್ಯಾರ್ಥಿಗಳ ಕಡೆಗೆ ತಿರುಗಿದರು. "ನೋಡ್ರಪ್ಪಾ, ಕನ್ನಡದಲ್ಲಿ 'ನಾಳೆ ಹೋಗ್ತೀನಿ' ಅಂದ್ರೆ ಮುಗೀತು. ಹೋದ್ರೂ ಅದೇ, ಹೋಗದಿದ್ರೂ ಅದೇ. ಇಂಗ್ಲಿಷ್‌ನಲ್ಲಿ ಹಂಗಲ್ಲ. ಈಗ ನಿಂತ ಜಾಗದಲ್ಲೇ ತೀರ್ಮಾನ ಮಾಡಿದ್ರೆ 'ಐ ವಿಲ್ ಗೋ'. ಮೊದಲೇ ಮನಸ್ಸಿನಲ್ಲಿ ಇದ್ರೆ 'ಐ ಆಮ್ ಗೋಯಿಂಗ್ ಟು ಗೋ'. ಯಾರ ಹತ್ರನೋ ಮಾತಾಡಿ ಎಲ್ಲಾ ಏರ್ಪಾಡು ಆಗಿದ್ರೆ 'ಐ ಆಮ್ ಗೋಯಿಂಗ್'. ಇನ್ನು ರೈಲಿನ ಥರ ವೇಳಾಪಟ್ಟಿ ಪ್ರಕಾರ ನಡೆಯೋದಾದ್ರೆ 'ಇಟ್ ಗೋಸ್'. ಯಾವುದು ಹೇಳಬೇಕು ಅಂತ ನಿಮಗೆ ಗೊತ್ತಾಗಲ್ಲ. ನಿಮ್ಮ ನಾಡಿಗೆ ಗೊತ್ತಿರುತ್ತೆ! ನನ್ನ ಯಂತ್ರ ನಾಡಿ ಹಿಡಿದು ತಿದ್ದುತ್ತೆ!"

ಇದೇ ನಾಲ್ಕು ಸಂಗತಿಗಳನ್ನು ಇಂದುಮತಿ ಇಡೀ ತಿಂಗಳು ಬೋರ್ಡು ತುಂಬ ಬರೆದು ಹೇಳಿಕೊಟ್ಟಿದ್ದಳು. ಆಗ ಆಕಳಿಸುತ್ತಿದ್ದವರೆಲ್ಲ ಈಗ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು! ಮುಂದಿನ ಬೆಂಚಿನಲ್ಲಿದ್ದ ಬೇಕರಿ ಮಾಲೀಕ ತೋಂಟದಾರ್ಯ ಎದ್ದೇ ನಿಂತ. ಉತ್ತರ ದೇಶದ ಅಳಿಯನ ಜೊತೆ ಮಾತಾಡಲಿಕ್ಕೆಂದು ಈ ವಯಸ್ಸಿನಲ್ಲಿ ಇಂಗ್ಲಿಷಿಗೆ ಸೇರಿದ್ದ ಮನುಷ್ಯ. ಪಟ್ಟಿ ಕಟ್ಟಿಸಿಕೊಂಡು ಗಂಟಲು ಸರಿಮಾಡಿಕೊಂಡ.

"ಐ ವಿಲ್ ಗೋ ಟು ಮೈಸೂರ್ ಟುಮಾರೋ."

ಕಹಳೆ ಗುರ್ರೆಂದಿತು. "ತಪ್ಪು!" ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿತು. "ಐ ಆಮ್ ಗೋಯಿಂಗ್ ಟು ಮೈಸೂರ್ ಟುಮಾರೋ!"

"ಅಯ್ಯಯ್ಯೋ, ಹೌದು! ಕಾರಿಗೆ ಹೇಳಿಯಾಗಿದೆ, ಬೀಗರಿಗೂ ಹೇಳಿಯಾಗಿದೆ!" ಎಂದು ತೋಂಟದಾರ್ಯ ಕುಣಿದಾಡಿಬಿಟ್ಟ. ತರಗತಿ ಚಪ್ಪಾಳೆ ತಟ್ಟಿತು. ಇಂದುಮತಿ ಬೋರ್ಡ್ ಒರೆಸುವ ಬಟ್ಟೆಯನ್ನು ಹಿಂಡಿದಳು, ಅದರಲ್ಲಿ ನೀರಿಲ್ಲದಿದ್ದರೂ.

ಅಷ್ಟರಲ್ಲಿ ಟವೆಲ್ ಸುತ್ತಿಕೊಂಡ ಉಮಾಪತಿ ಬಚ್ಚಲಿಂದ ಬಂದ. ಪಂಚಾಕ್ಷರಿ ಅವನ ತೋಳು ಹಿಡಿದು ಎಳೆದು ಪಟ್ಟಿ ಕಟ್ಟಿಯೇಬಿಟ್ಟರು. "ಬಾರೋ ಉಮಾ, ನೀನೂ ಒಂದು ವಾಕ್ಯ ಹೇಳು."

"ನಂಗ್ಯಾಕಣ್ಣ?"

"ಹೇಳೋ ಸುಮ್ನೆ! ನೀನು ದಿನಾ ಹೇಳೋದೇ ಹೇಳು!"

ಹೆಂಡತಿಯನ್ನು ಮೆಚ್ಚಿಸುವ ಉತ್ಸಾಹದಲ್ಲಿ ಉಮಾಪತಿ ಎದೆಯುಬ್ಬಿಸಿ ಹೇಳಿದ: "ಐ ವಿಲ್ ಬಿಲ್ಡ್ ಎ ಕ್ಲಾಸ್‌ರೂಮ್ ಫಾರ್ ಇಂದು ಆನ್ ಅವರ್ ಸೈಟ್!"

ಯಂತ್ರ ಬಹಳ ಹೊತ್ತು ಗುಂಯ್‌ಗುಟ್ಟಿತು.

"ತಪ್ಪು! ಐ ವುಡ್ ಹ್ಯಾವ್ ಬಿಲ್ಟ್!"

"ಮ್ಯಾಮ್, ಅದ್ಯಾವ ರೂಪ? ನಮಗೆ ಇನ್ನೂ ಆಗಿಲ್ವಲ್ಲ," ಎಂದಳು ನರ್ಸಿಂಗ್ ಮುಗಿಸಿ ಕೆಲಸ ಹುಡುಕುತ್ತಿದ್ದ ಪ್ರಮೀಳಾ.

ಇಂದುಮತಿ ಗಂಡನ ಮುಖವನ್ನೇ ನೋಡುತ್ತಾ ನಿಧಾನವಾಗಿ ಹೇಳಿದಳು. "ಮಾಡಬಹುದಿತ್ತು, ಆದರೆ ಇನ್ನು ಆಗಲ್ಲ. ಕೈತಪ್ಪಿ ಹೋಯ್ತು. ಅಂಥಾದ್ದಕ್ಕೆ ಬಳಸ್ತಾರೆ." ಉಮಾಪತಿಯ ಹಣೆಯ ಮೇಲೆ ಬೆವರು. ಸ್ನಾನದ ನೀರಲ್ಲ, ಬೆವರೇ. "ರೀ, ಸೈಟ್ ಏನಾಯ್ತು?"

"ಏನೂ ಆಗಿಲ್ಲ ಕಣೇ! ಸೈಟ್ ಅಲ್ಲೇ ಇದೆ!"

"ಅದನ್ನ ಮಾರೋ ಯೋಚನೆ ಇದೆಯಾ? ಇಂಗ್ಲಿಷ್‌ನಲ್ಲಿ ಹೇಳಿ. ಪಟ್ಟಿ ಬಿಚ್ಚಬೇಡಿ!"

ಉಮಾಪತಿ ಅಣ್ಣನನ್ನು ನೋಡಿದ. ಅಣ್ಣ ಛಾವಣಿ ನೋಡಿದರು. "ವಿ... ವಿ ವಿಲ್ ಸೆಲ್ ಇಟ್... ಸಮ್ ಡೇ..."

"ತಪ್ಪು! ವಿ ಆರ್ ಸೆಲ್ಲಿಂಗ್ ಇಟ್!"

ಏರ್ಪಾಡಾಗಿಬಿಟ್ಟಿದೆ! ತಾನೇ ಬೋರ್ಡಿನ ಮೇಲೆ ಬರೆದ ನಿಯಮ. ಇನ್ನೊಬ್ಬರ ಜೊತೆ ಮಾತು ಮುಗಿದಿದ್ದರೆ ಮಾತ್ರ ಈ ರೂಪ. "ಯಾರ ಜೊತೆ ಮಾತಾಗಿದೆ?" ಎಂದು ಇಂದುಮತಿ ಕೇಳಿದ ದನಿಗೆ ಹಿಂದಿನ ಬೆಂಚಿನವರು ಚೀಲ ಎತ್ತಿಕೊಂಡರು.

ಮುಂದಿನ ಬೆಂಚಿನಿಂದ ತೋಂಟದಾರ್ಯ ಮೆಲ್ಲಗೆ ಕೈಯೆತ್ತಿದ. "ನನ್ ಜೊತೆ ಮೇಡಮ್ಮೋರೇ. ಬೇಕರಿ ಬ್ರಾಂಚ್ ಮಾಡೋಕೆ. ಗುರುವಾರ ಕಾಗದಪತ್ರ ಮಾಡ್ಸೋಣ ಅಂದಿದ್ರು. ನಿಮಗೆ ಗೊತ್ತಿಲ್ಲ ಅಂತ ನನಗೆ ಗೊತ್ತಿರಲಿಲ್ಲ."

"ಇವತ್ತಿನ ಪಾಠ ಮುಗೀತು!" ಎಂದಳು ಇಂದುಮತಿ.

ಅಡುಗೆಮನೆಯಲ್ಲಿ ನಡೆದ ಜಗಳ ಪಾತ್ರೆಗಳಿಗೇ ಗೊತ್ತು. ಸೈಟ್ ಮಾರುವ ಯೋಚನೆ ಪಂಚಾಕ್ಷರಿಯದು. ಆ ದುಡ್ಡಿನಲ್ಲಿ ಕಾರ್ಖಾನೆ ತೆಗೆದು ಊರೂರಿಗೂ ಈ ಯಂತ್ರ ಕಳಿಸುವುದು ಅವರ ಕನಸು. ಉಮಾಪತಿಗೆ ಅಣ್ಣನಿಗೆ ಇಲ್ಲವೆನ್ನುವ ಅಭ್ಯಾಸವಿರಲಿಲ್ಲ. ಹೆಂಡತಿಗೆ ಹೇಳುವ ಧೈರ್ಯವಿರಲಿಲ್ಲ.

"ನನ್ನ ಹತ್ರ ಬಂದಾಗೆಲ್ಲ 'ಕಟ್ತೀನಿ ಕಟ್ತೀನಿ' ಅಂತ ಬಾಯಿಮಾತು! ಅಣ್ಣನ ಹತ್ರ ಹೋಗಿ ಏರ್ಪಾಡು!" ಲಟ್ಟಣಿಗೆ ಮೇಲೆದ್ದಿತು, ಗಾಳಿಯಲ್ಲೇ ನಿಂತಿತು. "ಒಲೆ ಹಚ್ಚಲ್ಲ ನಾನು! ಅಣ್ಣ ತಮ್ಮ ಇಬ್ಬರೂ ಆ ಪೆಟ್ಟಿಗೆನೇ ಬೇಯಿಸ್ಕೊಂಡು ತಿನ್ನಿ!"

ಪಂಚಾಕ್ಷರಿ ಬಾಗಿಲಲ್ಲಿ ಇಣುಕಿ, "ಇಂದುಮತೀ, ನಿನ್ನ ಕೋಪ ನ್ಯಾಯವಾದದ್ದೇ ಕಣಮ್ಮ," ಎಂದರು. "ಯಂತ್ರದಲ್ಲೊಂದು ದೋಷ ಇದೆ. ಬರೀ ತಪ್ಪು ತೋರಿಸುತ್ತೆ, ಅದರಿಂದ ಮನೇಲಿ ಜಗಳ. ನಾನದನ್ನ ಸರಿ ಮಾಡ್ತೀನಿ."

"ನೀವು ಏನನ್ನೂ ಸರಿ ಮಾಡಬೇಡಿ ಭಾವನೋರೇ! ನಿಮ್ಮ ಕಾಲಿಗೆ ಬೀಳ್ತೀನಿ!" ಎಂದು ಅವಳು ಕಾಲಿಗೆ ಬೀಳುವವರು ಯಾರೂ ಅರಚದಷ್ಟು ಜೋರಾಗಿ ಅರಚಿದಳು.

ಅವರು ಸರಿ ಮಾಡಿಯೇಬಿಟ್ಟರು. ಮರುದಿನ ಪೆಟ್ಟಿಗೆಯ ಹೊಟ್ಟೆಯಲ್ಲೊಂದು ಫೋನ್ ಇತ್ತು. ನಾಡಿಯ ಪಟ್ಟಿ ಬೇಡ, ಕೋಣೆಯಲ್ಲಿ ಯಾರು ಮಾತಾಡಿದರೂ ಅದಕ್ಕೆ ಕೇಳುತ್ತಿತ್ತು. ಯಾರಾದರೂ ಏರ್ಪಾಡಿನ ರೂಪ ಬಳಸಿದರೆ, ನಿಜವಾಗಿಯೂ ಏರ್ಪಾಡಾಗಿದೆಯೇ ಎಂದು ಫೋನ್ ಮಾಡಿ ವಿಚಾರಿಸುವಂತೆ ಪಂಚಾಕ್ಷರಿ ಅದಕ್ಕೆ ಕಲಿಸಿದ್ದರು. ಆದರೆ ಏರ್ಪಾಡು ಆಗಿಲ್ಲದಿದ್ದರೆ ಏನು ಮಾಡಬೇಕು ಎಂದು ಕಲಿಸಿರಲಿಲ್ಲ. ಅದನ್ನು ಯಂತ್ರ ತಾನೇ ತೀರ್ಮಾನಿಸಿಕೊಂಡಿತು. ವಾಕ್ಯ ತಪ್ಪಾಗಿದ್ದರೆ ವಾಕ್ಯವನ್ನೇ ತಿದ್ದಬೇಕೆಂದೇನಿಲ್ಲವಲ್ಲ! ಏರ್ಪಾಡು ಮಾಡಿಬಿಟ್ಟರೆ ವಾಕ್ಯ ತಾನಾಗಿಯೇ ಸರಿಯಾಗುತ್ತದೆ!

ಮೊದಲು ಸಿಕ್ಕಿಬಿದ್ದವಳು ಪ್ರಮೀಳಾ. ಪಾಠದಲ್ಲಿ ಉದಾಹರಣೆ ಕೊಡು ಎಂದಾಗ ಪುಸ್ತಕದಲ್ಲಿದ್ದದ್ದನ್ನೇ ಓದಿದಳು: "ಐ ಆಮ್ ಗೆಟಿಂಗ್ ಮ್ಯಾರೀಡ್ ಟುಮಾರೋ."

ಪೆಟ್ಟಿಗೆ ಸುಮ್ಮನೆ ಕುಳಿತಿತ್ತು. ಒಳಗೆ ಏನೋ ಕಿಟಕಿಟ ಎಂದದ್ದನ್ನು ಇಂದುಮತಿ ಇಲಿ ಎಂದುಕೊಂಡಳು.

ಮರುದಿನ ಬೆಳಗ್ಗೆ ಗೇಟಿನ ಮುಂದೆ ಓಲಗ ಶುರುವಾಯಿತು. ಹಿಂದೆಯೇ ಶಾಮಿಯಾನದವರು. ಅವರ ಹಿಂದೆ ಬೀಗರೂಟದ ಅಡುಗೆಯವನು ಎರಡು ಹಂಡೆ ಮತ್ತು ಎರಡು ಹೋತಗಳೊಂದಿಗೆ ಬಂದು, ಹೋತಗಳನ್ನು ಇಂದುಮತಿಯ ತುಳಸಿಕಟ್ಟೆಗೆ ಕಟ್ಟಿದ.

"ಇದು ಲಿಂಗಾಯತರ ಮನೆ ಕಣಪ್ಪಾ!" ಎಂದು ಇಂದುಮತಿ ಕೂಗಿದಳು.

"ಗೊತ್ತು ಕಣಕ್ಕಾ, ಫೋನಲ್ಲಿ ಹುಡುಗೀನೇ ಮಾತಾಡ್ತು. ಬಾಯ್ತುಂಬಾ ಹೇಳ್ತು, ಕಾರ ಸ್ವಲ್ಪ ಜಾಸ್ತಿ ಇರ್ಲಿ ಅಂತ," ಎಂದ ಅವನು.

ಯಂತ್ರ ಪ್ರಮೀಳಾಳ ಧ್ವನಿಯಲ್ಲೇ ಮಾತಾಡಿತ್ತು! ಬುಟ್ಟಿ ಹೂವಿನೊಂದಿಗೆ ಬಂದ ಹೂವಾಡಗಿತ್ತಿಯೊಬ್ಬಳು, ಗಂಡು ಯಾರು ಎಂದು ಕೇಳಿದಳು. ಗಂಡು ಇರಲಿಲ್ಲ. ವಾಕ್ಯದಲ್ಲಿ ಗಂಡಿನ ಮಾತೇ ಬಂದಿರಲಿಲ್ಲವಾದ್ದರಿಂದ ಯಂತ್ರ ಅದರ ಗೊಡವೆಗೆ ಹೋಗಿರಲಿಲ್ಲ. ಸುದ್ದಿ ಕೇಳಿ ಓಡಿ ಬಂದ ಪ್ರಮೀಳಾಳ ತಾಯಿ, "ಯಾರೇ ಅವನು?" ಎಂದು ಮಗಳನ್ನು ಬೀದಿಯಲ್ಲೇ ಹಿಡಿದುಕೊಂಡಳು. ಹೋತಗಳು ತುಳಸಿ ತಿಂದು ಮುಗಿಸಿದವು.

"ಭಾವನೋರೇ!" ಎಂದ ಇಂದುಮತಿಯ ಕೂಗಿಗೆ ಓಲಗ ನಿಂತುಹೋಯಿತು. "ನಿಮ್ಮ ಪೆಟ್ಟಿಗೆನ ನೀವು ಒಡೆದುಹಾಕ್ತೀರೋ, ನಾನೇ ತಮ್ಮ ಅಪ್ಪಣೆ ಪಡೆದು ಒಡೆಯಲೋ?"

"ಏನು ಬುದ್ಧಿ ನೋಡಮ್ಮ ಅದಕ್ಕೆ!" ಎಂದು ಪಂಚಾಕ್ಷರಿ ಪೆಟ್ಟಿಗೆಯ ಬೆನ್ನು ತಟ್ಟಿದರು. ಅವರ ಕಣ್ಣಲ್ಲಿ ನೀರಿತ್ತು. "ಹೇಳಿಕೊಡದೆ ಕಲಿತಿದೆ!"

ಅವರ ಆನಂದಕ್ಕೆ ಆಯುಸ್ಸು ಕಡಿಮೆಯಿತ್ತು. ಒಲೆ ಹಚ್ಚದ ಮನೆಯಲ್ಲಿ ಬಾಳೆಹಣ್ಣು, ಬ್ರೆಡ್ಡಿನಲ್ಲೇ ಕಾಲ ತಳ್ಳುತ್ತಿದ್ದ ಪಂಚಾಕ್ಷರಿ, ತಮ್ಮನ ಹೆಂಡತಿಯನ್ನು ನಗಿಸಿ ಒಲಿಸಿಕೊಳ್ಳೋಣವೆಂದು ನಡುಮನೆಯಿಂದ ಅಡುಗೆಮನೆಯತ್ತ ತಿರುಗಿ ನಾಟಕೀಯವಾಗಿ ಕೂಗಿದರು: "ಓ ಇಂದುಮತೀ! ಐ ಆಮ್ ಡೈಯಿಂಗ್ ದಿಸ್ ಈವ್ನಿಂಗ್!"

ಪೆಟ್ಟಿಗೆ ಕಿಟಕಿಟ ಎಂದಿತು.

ಸಂಜೆ ಹೆಣ ಹೊರುವ ಬಿದಿರಿನ ವಿಮಾನ ಬಂತು. ಅದಕ್ಕೆ ಸುತ್ತಲೂ ಚೆಂಡುಹೂವು. ಭಜನೆಯವರು ತಾಳ ಹಿಡಿದು ಬಂದರು. ರೈಲ್ವೆಯ ಹಳೇ ಗೆಳೆಯರು ಹಾರಗಳೊಂದಿಗೆ, ಮುಖ ಸಣ್ಣ ಮಾಡಿಕೊಂಡು ಬಂದರು. ವಿಮಾನ ಕಟ್ಟುವವನು ಅಳತೆ ಪಟ್ಟಿ ತೆಗೆದು, "ಯಜಮಾನರು ಎಲ್ಲಿ?" ಎಂದು ತಗ್ಗಿದ ದನಿಯಲ್ಲಿ ಕೇಳಿದ.

"ನಾನೇ ಕಣಯ್ಯ!" ಎಂದರು ಪಂಚಾಕ್ಷರಿ.

ಅವನು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹಂಗಾದ್ರೆ ಕಾಯಬೇಕೇನ್ ಸ್ವಾಮಿ?" ಎಂದು ಜಗಲಿಯ ಮೇಲೆ ಕುಳಿತುಬಿಟ್ಟ. ಭಜನೆಯವರೂ ಕುಳಿತರು. ಬಂದದ್ದು ಯಾಕೆ ದಂಡ ಎಂದು ಒಂದೆರಡು ಪದ ಹಾಡಿಯೂ ಬಿಟ್ಟರು. ಅಷ್ಟು ಜನರೆದುರು ತಾನಿನ್ನೂ ಬದುಕಿರುವುದಕ್ಕೆ ಕ್ಷಮೆ ಕೇಳಿ ಕೇಳಿ ಪಂಚಾಕ್ಷರಿಯ ಗಂಟಲು ಒಣಗಿತು.

ಇಂದುಮತಿ ಅಡುಗೆಮನೆಯ ಬಾಗಿಲಿಗೆ ಒರಗಿ ಇದನ್ನೆಲ್ಲ ನೋಡುತ್ತಿದ್ದಳು. ಸಿಟ್ಟು ಇಳಿದಿರಲಿಲ್ಲ. ಆದರೆ ಅಷ್ಟು ಹೊತ್ತು ಸುಮ್ಮನೆ ಉರಿಯುತ್ತಿದ್ದ ಸಿಟ್ಟಿಗೆ ಈಗ ಕೆಲಸ ಸಿಕ್ಕಿತು. ಎಲ್ಲರೂ ಹೊರಟ ಮೇಲೆ, ಪಂಚಾಕ್ಷರಿ ಹಿತ್ತಿಲಿಗೆ ಹೋದದ್ದನ್ನು ಖಾತ್ರಿ ಮಾಡಿಕೊಂಡು, ಪೆಟ್ಟಿಗೆಯ ಮುಂದೆ ಕುರ್ಚಿ ಎಳೆದು ಕುಳಿತಳು. ಪರೀಕ್ಷೆಗೆ ಉಕ್ತಲೇಖನ ಕೊಡುವಂತೆ ಒಂದೊಂದೇ ಪದ ಬಿಡಿಸಿ ಹೇಳಿದಳು.

"ಮೈ ಹಸ್ಬೆಂಡ್ ಈಸ್ ಬಿಲ್ಡಿಂಗ್ ಎ ಕ್ಲಾಸ್‌ರೂಮ್ ಫಾರ್ ಮಿ. ಆನ್ ಅವರ್ ಸೈಟ್. ಆನ್ ಥರ್ಸ್‌ಡೇ."

ಕಿಟಕಿಟ, ಕಿಟಕಿಟ, ಕಿಟಕಿಟ.

ಗುರುವಾರ ಕಾಗದಪತ್ರ ಮಾಡಿಸುವ ಮುಂಚೆ ಸೈಟನ್ನು ಮತ್ತೊಮ್ಮೆ ನೋಡೋಣವೆಂದು ಹೋದ ಅಣ್ಣತಮ್ಮಂದಿರು, ತೋಂಟದಾರ್ಯ, ಮೂವರೂ ಬಾಯಿ ತೆರೆದು ನಿಂತರು. ಜೆಸಿಬಿ ಆಗಲೇ ಅಡಿಪಾಯ ಅಗೆದು ಮುಗಿಸಿ ಪಕ್ಕದಲ್ಲಿ ನಿಂತಿತ್ತು. ಕಲ್ಲು, ಮರಳು, ಸಿಮೆಂಟು ಬಂದು ಬಿದ್ದಿದ್ದವು. ಗಾರೆಯವರು ದಾರ ಹಿಡಿದು ಮೂಲೆ ನೋಡುತ್ತಿದ್ದರು. ಅಗೆದ ಹಳ್ಳದ ನಟ್ಟನಡುವೆ ಇಂದುಮತಿ ಸೆರಗು ಸಿಕ್ಕಿಸಿ ನಿಂತಿದ್ದಳು. ಪಕ್ಕದಲ್ಲಿ ಪೆಟ್ಟಿಗೆ. ಅದನ್ನು ತಳ್ಳುಗಾಡಿಯಲ್ಲಿ ಅವಳೇ ತರಿಸಿದ್ದಳು.

"ಬನ್ನಿ ಸಾರ್," ಎಂದ ಮೇಸ್ತ್ರಿ ಉಮಾಪತಿಗೆ. "ನೀವು ಫೋನಲ್ಲಿ ಹೇಳಿದ ಹಂಗೇ ಕಿಟಕಿ ದೊಡ್ಡದಾಗೇ ಇಡ್ತೀವಿ. ಹೆಂಡ್ರಿಗೆ ಗಾಳಿ ಬೆಳಕು ಚೆನ್ನಾಗಿರ್ಬೇಕು ಅಂತ ಎಷ್ಟು ಸಲ ಹೇಳಿದ್ರಿ!"

ಉಮಾಪತಿಗೆ ನಾಚಿಕೆಯಾಯಿತು. ತಾನು ಹೇಳಬೇಕಾಗಿದ್ದ ಮಾತನ್ನು ತನ್ನದೇ ಧ್ವನಿಯಲ್ಲಿ ಒಂದು ಮುಚ್ಚಳ ಹೇಳಿತ್ತು.

"ಇಂದು, ಮೇಲೆ ಬಾರೇ," ಎಂದ.

"ಬರಲ್ಲ! ಜನ ನೋಡ್ತಿದ್ದಾರೆ ಅಂತೀರಾ? ನೋಡ್ಲಿ! ನಮ್ಮ ಮನೆ ನಡುಮನೇಲಿ ಇಷ್ಟು ದಿನ ಎಲ್ಲರೂ ನೋಡಿದ್ದಾರೆ, ನಿಮ್ಮ ಟವೆಲ್ ಸಮೇತ!" "ಸೈಟ್ ಹೋಯ್ತು ಅನ್ನೋ ಸಿಟ್ಟಲ್ಲ ಕಣ್ರೀ ನನಗೆ. ಕಟ್ಟಲ್ಲ ಅಂತ ಒಂದು ಮಾತು ಹೇಳಿದ್ದಿದ್ರೆ ಅಷ್ಟಕ್ಕೇ ಮುಗೀತಿತ್ತು. ನಾನು ಇಲ್ಲಿ ಬೋರ್ಡ್ ಯಾವ ಗೋಡೆಗೆ, ಬೆಂಚ್ ಯಾವ ಕಡೆಗೆ ಅಂತ ಮನಸ್ಸಿನಲ್ಲೇ ಜೋಡಿಸ್ಕೊಂಡು ಬದುಕ್ತಿದ್ದೆ. ನೀವು ಅದನ್ನ ಕೇಳಿಸ್ಕೊಂಡು ನಗ್ತಾ ತಲೆಯಾಡಿಸ್ತಿದ್ರಿ. ಮಾರೋಕೆ ಮಾತಾದ ಮೇಲೂ ತಲೆಯಾಡಿಸಿದ್ರಿ!"

ತೋಂಟದಾರ್ಯ ಕೆಮ್ಮಿದ. "ನನಗೆ ಈ ಸೈಟ್ ಬೇಡ ಮೇಡಮ್ಮೋರೇ. ಬೇಕರಿ ಎಲ್ಲಾದ್ರೂ ಆಗುತ್ತೆ. ಗುರುಗಳ ಜಾಗದಲ್ಲಿ ಬನ್ನು ಬೇಯಿಸಿದ್ರೆ ನನಗೇ ಅಜೀರ್ಣ."

"ನನ್ನ ಕಾರ್ಖಾನೆ!" ಎಂದರು ಪಂಚಾಕ್ಷರಿ.

"ಅಣ್ಣಾ, ಸಾಕು ಸುಮ್ನಿರು," ಎಂದ ಉಮಾಪತಿ. ಅಣ್ಣನಿಗೆ ಅವನು ಹಾಗೆ ಹೇಳಿದ್ದು ಹುಟ್ಟಿದ ಮೇಲೆ ಅದೇ ಮೊದಲು. ಹೇಳಿದವನೇ ಹಳ್ಳಕ್ಕೆ ಇಳಿದ. ಚಪ್ಪಲಿ ಮಣ್ಣಲ್ಲಿ ಹೂತಿತು. ಪೆಟ್ಟಿಗೆಯ ಪಕ್ಕದಲ್ಲಿ ನೇತಾಡುತ್ತಿದ್ದ ಪಟ್ಟಿಯನ್ನು ತಾನೇ ತೋಳಿಗೆ ಸುತ್ತಿಕೊಂಡು, ಕಹಳೆಯ ಹತ್ತಿರ ಬಾಗಿ ಹೇಳಿದ: "ಐ ಆಮ್ ಬಿಲ್ಡಿಂಗ್ ಎ ಕ್ಲಾಸ್‌ರೂಮ್ ಫಾರ್ ಇಂದು."

ಪೆಟ್ಟಿಗೆ ಗುಂಯ್‌ಗುಟ್ಟಿತು. ಗಾರೆಯವರು ಕರಣೆ ಹಿಡಿದು ಕಾದರು.

ಪೆಟ್ಟಿಗೆ ಏನನ್ನೂ ಹೇಳಲಿಲ್ಲ. ಏನೆಂದರೆ ಏನನ್ನೂ ಹೇಳಲಿಲ್ಲ!

"ಸರಿಯಾಗಿದೆ," ಎಂದಳು ಇಂದುಮತಿ, ಮೇಡಂ ಧ್ವನಿಯಲ್ಲಿ. ಆಮೇಲೆ ಮೂಗೊರೆಸಿಕೊಂಡಳು.

ಹಳ್ಳದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದ ಪಂಚಾಕ್ಷರಿ ಮಾತ್ರ ಅಳುಮುಖ ಮಾಡಿದರು. "ಹಂಗಾದ್ರೆ ನನ್ನ ಯಂತ್ರ ಇಲ್ಲೇ ಕೊಳೀಬೇಕೇನಮ್ಮ? ಅದು ಲೋಕಕ್ಕೆ ಹೋಗೋದು ಬೇಡ್ವಾ?"

ಇಳಿಯುತ್ತಿದ್ದ ಸಿಟ್ಟು ಸರ್ರನೆ ಮತ್ತೆ ನೆತ್ತಿಗೇರಿತು. ಹೊಲಿಗೆ ಯಂತ್ರದ ಮುಚ್ಚಳ, ತಿಂದುಹೋದ ತುಳಸಿ, ಬಿದಿರಿನ ವಿಮಾನ, ಎಲ್ಲ ಒಟ್ಟಿಗೇ ಕಣ್ಣೆದುರು ಬಂದವು. "ಹೋಗ್ಲಿ ಭಾವನೋರೇ! ತಮ್ಮ ಯಂತ್ರ ಧಾರಾಳವಾಗಿ ಲೋಕಕ್ಕೆ ಹೋಗ್ಲಿ!" ಎಂದು ಕೂಗಿದವಳಿಗೆ, ಪಾಠ ಮಾಡುವವರ ಅಭ್ಯಾಸದಂತೆ, ಅದೇ ಮಾತು ಇಂಗ್ಲಿಷಿನಲ್ಲೂ ಬಾಯಿಗೆ ಬಂದುಬಿಟ್ಟಿತು. "ದಿಸ್ ಮೆಷೀನ್ ಈಸ್ ಗೋಯಿಂಗ್ ಇನ್‌ಟು ದಿ ವರ್ಲ್ಡ್ ಟುಡೇ!"

ಕಿಟಕಿಟ.

"ಅಯ್ಯೋ! ವಿಲ್ ಅನ್ನಬಾರದಿತ್ತೇನಮ್ಮ!" ಎಂದು ಪಂಚಾಕ್ಷರಿ ತಲೆ ಚಚ್ಚಿಕೊಂಡರು.

ಗಾರೆಯವರು ಚಹಾ ಕುಡಿದು ಮುಗಿಸುವಷ್ಟರಲ್ಲಿ ಸಾಮಾನು ಸಾಗಿಸುವ ಆಟೋ ಬಂದು ನಿಂತಿತು. ಇಬ್ಬರು ಆಳುಗಳು ಇಳಿದು ಪೆಟ್ಟಿಗೆಗೆ ಗೋಣಿತಾಟು ಸುತ್ತಿ ಹಗ್ಗ ಬಿಗಿದರು. ಪಂಚಾಕ್ಷರಿ ಅಡ್ಡ ನಿಂತು ಬೇಡವೆಂದರು. ಗೋಣಿಯೊಳಗಿಂದ ಇಂದುಮತಿಯದೇ ಧ್ವನಿ ಗಟ್ಟಿಯಾಗಿ, "ಎತ್ತಿ, ಹೊತ್ತಾಗುತ್ತೆ!" ಎಂದಿತು. ಆ ಧ್ವನಿಗೆ ಎದುರು ಮಾತಾಡುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ. ಎತ್ತಿದರು.

ಪಂಚಾಕ್ಷರಿ ಇನ್ನೊಂದು ಆಟೋದಲ್ಲಿ ಬೆನ್ನಟ್ಟಿ ನಿಲ್ದಾಣ ಮುಟ್ಟುವಾಗ ರೈಲು ಚಲಿಸುತ್ತಿತ್ತು. ಪಾರ್ಸೆಲ್ ಡಬ್ಬಿಯ ಬಾಗಿಲಲ್ಲಿ ಗೋಣಿ ಮೂಟೆಯೊಂದು ಕಂಡಿತು. ಅದರ ಮೇಲೆ ಯಾರೋ ದೊಡ್ಡದಾಗಿ, ದುಂಡಾಗಿ ವಿಳಾಸ ಬರೆದಿದ್ದರು: 'ಲೋಕಕ್ಕೆ'. ಯಾವ ಲೋಕ, ಯಾವ ಊರು, ಎಲ್ಲಿ ಇಳಿಸಬೇಕು, ಒಂದೂ ಇರಲಿಲ್ಲ. ಹಾಗಾಗಿ ಯಾರೂ ಎಲ್ಲಿಯೂ ಇಳಿಸುವ ಸಂಭವವಿರಲಿಲ್ಲ. ಪ್ಲಾಟ್‌ಫಾರ್ಮಿನ ತುದಿಯವರೆಗೆ ಓಡಿದ ಪಂಚಾಕ್ಷರಿಯನ್ನು ನೋಡಿ, ಬೀಳ್ಕೊಡಲು ಬಂದಿದ್ದ ಜನ, ಇವರು ಮಗಳನ್ನು ಗಂಡನ ಮನೆಗೆ ಕಳಿಸುತ್ತಿರಬೇಕೆಂದುಕೊಂಡು ತಾವೂ ಕೈಬೀಸಿದರು.

ಆ ದಿನ ಒಲೆ ಹಚ್ಚಿದ್ದು ಉಮಾಪತಿ. ಅನ್ನ ತಳ ಹಿಡಿದಿತ್ತು, ಸಾರಿಗೆ ಉಪ್ಪು ಬಿದ್ದಿರಲಿಲ್ಲ. ಇಂದುಮತಿ ತಾನೇ ಉಪ್ಪು ಬೆರೆಸಿಕೊಂಡು ಉಂಡಳು. ಅವಳ ಸಿಟ್ಟು ಗೋಡೆ ಏಳುವವರೆಗೂ ಇರುತ್ತದೆಂದು ಅವಳ ಮುಖವೇ ಹೇಳುತ್ತಿತ್ತು. ಸೂರು ಬಿದ್ದ ಮೇಲೂ ಒಂದಿಷ್ಟು ಉಳಿಯಬಹುದು. ಭಾವನ ತಟ್ಟೆಗೆ ಮಾತ್ರ ಕೇಳದೆಯೇ ಎರಡನೇ ಸಲ ಅನ್ನ ಬಡಿಸಿದಳು.

ಕೊನೆಗೆ ಪಂಚಾಕ್ಷರಿ ಮಜ್ಜಿಗೆಯನ್ನು ಬೆರಳಿನಿಂದ ಕಲಸುತ್ತಾ ಸಣ್ಣ ದನಿಯಲ್ಲಿ ಕೇಳಿದರು. "ಇಂದುಮತೀ, ಅದು ವಾಪಸ್ ಬರುತ್ತೆ ಅಂತೀಯಾ?"

ಇಂದುಮತಿ ಉಪ್ಪಿನಕಾಯಿಯ ಭರಣಿಯನ್ನು ಅವರ ಕಡೆ ಸರಿಸಿದಳು.

"ಅದನ್ನ ಇಂಗ್ಲಿಷ್‌ನಲ್ಲಿ ಮಾತ್ರ ಕೇಳಬೇಡಿ ಭಾವನೋರೇ," ಎಂದಳು.